ಮಾತ್ರೆ ಉಷ್ಣ, ಹಾಲು ತಂಪು

ಆಯಿಗೆ ಮೂತ್ರದ ಸೋಂಕಾಗಿತ್ತು. ಐದು ದಿನ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದರೂ ಜ್ವರ ಬಿಡಲಿಲ್ಲ. ಆರನೆಯ ದಿನ ಶಿರಸಿಯಲ್ಲೇ ಬೇರೊಬ್ಬ ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಪೆನ್ನು ಎತ್ತುವ ಮೊದಲು ಕೇಳಿದರು: "ಅಮ್ಮಾ, ಈ ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ?"

"ಹಾಲಿನ ಜೊತೆ. ಮಾತ್ರೆ ಉಷ್ಣ ಅಲ್ಲವೇ?"

ವಿಚಾರಿಸುತ್ತಾ ಹೋದಂತೆ ಎಲ್ಲವೂ ಹೊರಬಂತು. ಬೆಳಿಗ್ಗೆ ಒಂದು ಲೋಟ ಹಾಲು, ಅದರೊಂದಿಗೆ ಸಿಪ್ರೊಫ್ಲಾಕ್ಸಾಸಿನ್, ಅದೇ ಗುಟುಕಿನಲ್ಲಿ ಮಂಡಿನೋವಿನ ವೈದ್ಯರು ಕೊಟ್ಟ ಕ್ಯಾಲ್ಸಿಯಂ ಮಾತ್ರೆ, ಅದರ ಮೇಲೆ ಎದೆಯುರಿಗೆ ಎರಡು ಚಮಚ ಗ್ಯಾಸಿನ ಔಷಧ. ರಾತ್ರಿಯೂ ಹಾಗೆಯೇ. ಒಂದು ಹೊತ್ತನ್ನೂ ತಪ್ಪಿಸಿರಲಿಲ್ಲ, ಪಾಪ.

ಹಾಲಿನಲ್ಲಿರುವ ಕ್ಯಾಲ್ಸಿಯಂ ಈ ಔಷಧಿಯನ್ನು ಹೊಟ್ಟೆಯೊಳಗೇ ಹಿಡಿದುಕೊಂಡುಬಿಡುತ್ತದೆ. ಎರಡೂ ಅಂಟಿಕೊಂಡ ಮೇಲೆ ಕರುಳಿನ ಗೋಡೆ ದಾಟಿ ರಕ್ತಕ್ಕೆ ಇಳಿಯುವುದು ಕಷ್ಟ. ಹಾಲು ಅಥವಾ ಮೊಸರಿನ ಜೊತೆ ನುಂಗಿದರೆ ಸಿಪ್ರೊಫ್ಲಾಕ್ಸಾಸಿನ್‌ನ ಸುಮಾರು ಮೂರನೇ ಒಂದು ಭಾಗ ಹೀಗೆ ನಷ್ಟವಾಗುತ್ತದೆ. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಗ್ಯಾಸಿನ ಔಷಧ ಸೇರಿದರೆ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ರಕ್ತಕ್ಕೆ ಸೇರಿದ ಅಷ್ಟಿಷ್ಟು ಔಷಧಿಯಿಂದ ರೋಗಾಣು ಸಾಯುವುದಿಲ್ಲ, ಆ ಔಷಧಿಗೆ ಒಗ್ಗಿಕೊಳ್ಳುವ ಅವಕಾಶ ಮಾತ್ರ ಅದಕ್ಕೆ ಸಿಗುತ್ತದೆ.

ರೋಗಾಣು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ವೈದ್ಯರು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ಮಾತ್ರೆಯನ್ನು ಬದಲಿಸದೆ ಹೊತ್ತನ್ನು ಮಾತ್ರ ಬದಲಿಸಿದರು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಬರೀ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್. ಕ್ಯಾಲ್ಸಿಯಂ ಮಧ್ಯಾಹ್ನ ಎರಡಕ್ಕೆ. ಮಜ್ಜಿಗೆ, ತಂಬುಳಿ ಮಧ್ಯಾಹ್ನದ ಊಟಕ್ಕೆ ಮಾತ್ರ. ಕ್ಯಾಲ್ಸಿಯಂಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಈ ಮಾತ್ರೆ ನುಂಗಬೇಕೆಂಬುದು ಲೆಕ್ಕ. ಮೂರನೆಯ ದಿನ ಜ್ವರ ಇಳಿಯಿತು. ಕಲ್ಚರ್ ವರದಿ ಬಂದಾಗ, ಆ ರೋಗಾಣು ಮೊದಲಿನಿಂದಲೂ ಅದೇ ಔಷಧಿಗೆ ಬಗ್ಗುವಂಥದ್ದು ಎಂದು ತಿಳಿಯಿತು.

ನನಗೆ ಸಿಟ್ಟು ಬಂದದ್ದು ಆಯಿಯ ಮೇಲಲ್ಲ. ಉಷ್ಣ, ತಂಪು ಎಂಬುದು ನಮ್ಮ ಅಡುಗೆಮನೆಯ ಬಹಳ ಹಳೆಯ ತಿಳಿವಳಿಕೆ. ಆ್ಯಂಟಿಬಯೋಟಿಕ್ ಹೊಟ್ಟೆ ಕೆಡಿಸುತ್ತದೆ ಎಂಬ ಅವಳ ಅನುಭವವೂ ಸುಳ್ಳಲ್ಲ. ಆದರೆ ಔಷಧಿ ಅಂಗಡಿಯ ಕಾಗದದ ಕವರಿನ ಮೇಲೆ 1-0-1 ಎಂದು ಗೀಚಿ ಕೊಟ್ಟವರಾಗಲಿ, ಚೀಟಿ ಬರೆದವರಾಗಲಿ, "ಹಾಲಿನ ಜೊತೆ ಬೇಡ" ಎಂಬ ನಾಲ್ಕು ಮಾತು ಆಡಿರಲಿಲ್ಲ. ಮಾತ್ರೆ ಕೊಟ್ಟರೆ ಸಾಲದು, ನುಂಗುವ ಕ್ರಮ ಹೇಳುವುದೂ ಚಿಕಿತ್ಸೆಯ ಭಾಗ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎಲ್ಲಕ್ಕೂ ಒಂದೇ ನಿಯಮವಿದ್ದರೆ ನಾವೇ ಕಲಿತುಕೊಳ್ಳಬಹುದಿತ್ತು, ಹಾಗಿಲ್ಲ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಇರುವ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಊಟ ಶುರು ಮಾಡುವಾಗ ನುಂಗಬೇಕು. ಕ್ಷಯದ ರಿಫಾಂಪಿಸಿನ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹತ್ತುತ್ತದೆ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇಲಿ ಜ್ವರ ಬಂದರೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನು ರಕ್ತಹೀನತೆಯ ಕಬ್ಬಿಣದ ಮಾತ್ರೆಯಿಂದ ದೂರ ಇಡಬೇಕು. ಅದನ್ನು ಲೋಟದ ತುಂಬ ನೀರು ಕುಡಿದು ನುಂಗಬೇಕು, ನುಂಗಿ ಅರ್ಧ ಗಂಟೆಯಾದರೂ ಮಲಗಬಾರದು. ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ.

ನಾನೀಗ ಇರುವುದು ಕಾರವಾರದಲ್ಲಿ. ಇಲ್ಲಿ ನಮ್ಮ ಎದುರು ಮನೆಯ ಅಣ್ಣನೊಬ್ಬ ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿತು, ತಲೆ ಸಿಡಿಯತೊಡಗಿತು, ಎದೆ ಡವಡವ ಹೊಡೆದುಕೊಂಡಿತು. ಮಾತ್ರೆಯೇ ಆಗಿಬರುವುದಿಲ್ಲವೆಂದು ನಿಲ್ಲಿಸಲು ಹೊರಟಿದ್ದ. ವೈದ್ಯರು ಕೇಳಿದ್ದು ಊಟಕ್ಕೆ ಏನಿತ್ತು ಎಂದು. ಬಂಗಡೆ ಸಾರು. ಬೆಳಿಗ್ಗೆ ತಂದು, ಮಂಜುಗಡ್ಡೆಯಿಲ್ಲದೆ ಮಧ್ಯಾಹ್ನದವರೆಗೆ ಹೊರಗಿಟ್ಟ ಬಂಗಡೆ. ಹಾಗಿಟ್ಟ ಬಂಗಡೆ, ತಾರಲೆಯಂಥ ಮೀನುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಅದನ್ನು ಕರಗಿಸಬೇಕಾದ ಕಿಣ್ವವನ್ನು ಕ್ಷಯದ ಐಸೋನಿಯಾಜಿಡ್ ತಡೆಯುತ್ತದೆ. ಮೀನು ತಿಂದೇ ಬದುಕುವ ಈ ಊರಿನಲ್ಲಿ ಕ್ಷಯದ ಮಾತ್ರೆ ಕೊಡುವಾಗ ಮೊದಲ ದಿನವೇ ಹೇಳಬೇಕಾದ ಮಾತಿದು. ಹೇಳದೆ ಹೋದರೆ ಮನುಷ್ಯ ಮೀನನ್ನು ಬಿಡುವುದಿಲ್ಲ, ಮಾತ್ರೆಯನ್ನು ಬಿಡುತ್ತಾನೆ. ಆರು ತಿಂಗಳ ಕ್ಷಯದ ಔಷಧಿಯನ್ನು ನಡುವೆ ಬಿಡುವುದು ಎಷ್ಟು ಅಪಾಯವೆಂದು ಎಲ್ಲರಿಗೂ ಗೊತ್ತಿದೆ.

ಊಟದ ಮಾತು ಇಷ್ಟು. ಔಷಧಿ ಔಷಧಿಗೇ ಎದುರಾಗುವುದು ಇದಕ್ಕಿಂತ ಕಠಿಣ. ರಿಫಾಂಪಿಸಿನ್ ಯಕೃತ್ತನ್ನು ಎಷ್ಟು ಚುರುಕು ಮಾಡುತ್ತದೆಂದರೆ ಎಚ್‌ಐವಿಯ ಡೊಲುಟೆಗ್ರಾವಿರ್ ಬೇಗ ಕರಗಿಹೋಗುತ್ತದೆ. ಎರಡೂ ಕಾಯಿಲೆ ಇರುವವರಿಗೆ ಅದನ್ನು ದಿನಕ್ಕೆ ಒಂದು ಸಲದ ಬದಲು ಎರಡು ಸಲ ಕೊಡಬೇಕಾಗುತ್ತದೆ. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್ ಜೊತೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಬಿದ್ದರೆ ಮೂತ್ರಪಿಂಡಕ್ಕೆ ಎರಡು ಕಡೆಯ ಹೊರೆ. 1993ರಲ್ಲಿ ಜಪಾನಿನಲ್ಲಿ ಸರ್ಪಸುತ್ತಿಗೆಂದು ಸೊರಿವುಡಿನ್ ಎಂಬ ಹೊಸ ಔಷಧಿ ಬಂತು. ಕ್ಯಾನ್ಸರಿಗೆ ಫ್ಲೋರೋಯುರಾಸಿಲ್ ಬಗೆಯ ಔಷಧಿ ತೆಗೆದುಕೊಳ್ಳುತ್ತಿದ್ದವರಿಗೂ ಅದನ್ನು ಕೊಟ್ಟರು. ಕ್ಯಾನ್ಸರಿನ ಔಷಧಿ ದೇಹದಲ್ಲಿ ಕರಗದೆ ವಿಷವಾಗಿ, ಕೆಲವೇ ವಾರಗಳಲ್ಲಿ ಕನಿಷ್ಠ 15 ಮಂದಿ ಸತ್ತರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಉತ್ತರ ಕನ್ನಡ ಜಿಲ್ಲೆ. ಜ್ವರಕ್ಕೆ ಶಿರಸಿ, ಮಂಡಿಗೆ ಹುಬ್ಬಳ್ಳಿ, ಹೃದಯಕ್ಕೆ ಮಣಿಪಾಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಕೂಗಿದಾಗ ನಾವು ಅಪಘಾತದ ಮಾತು, ಆಂಬುಲೆನ್ಸಿನ ಮಾತು ಆಡಿದೆವು. ಮೂರು ಊರಿನ ಮೂರು ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವ ಒಬ್ಬರೂ ಇಲ್ಲ ಎಂಬ ಮಾತು ಆಡಲಿಲ್ಲ. ಅದೂ ಆ ಬೇಡಿಕೆಯಲ್ಲಿ ಇರಬೇಕು. ಅಲ್ಲಿಯವರೆಗೆ ಯಾವ ವೈದ್ಯರ ಬಳಿ ಹೋದರೂ ಎಲ್ಲ ಚೀಟಿಗಳನ್ನೂ ಒಯ್ಯಿರಿ. ಕಷಾಯ ಕುಡಿಯುತ್ತಿದ್ದರೆ ಅದನ್ನೂ ಹೇಳಿ, ನಾಚಬೇಡಿ.

ಆಯಿಯ ಚೀಟಿಗಳೆಲ್ಲ ಈಗ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿವೆ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹೊತ್ತು ಬರೆದು ಅಂಟಿಸಿದ್ದೇನೆ. ಹಾಲಿನ ಹೊತ್ತನ್ನೂ ಬರೆದಿದ್ದೇನೆ.