ಸುರಂಗದ ನೀರು, ಪಂಪಿನ ನೀರು

ನಮ್ಮ ಕಾಸರಗೋಡಿನ ಎಣ್ಮಕಜೆ ಕಡೆ ನೀರು ಎರಡು ಬಗೆ. ಒಂದು ತಾನಾಗಿ ಬರುವುದು, ಇನ್ನೊಂದು ತರಿಸಿಕೊಳ್ಳುವುದು. ಮನೆ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲಕ್ಕೆ ಮುರಕಲ್ಲು ಕೊರೆಸಿದ ಸುರಂಗವಿದೆ. ಒಳಗೆ ಒಸರಿದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ. ಕರೆಂಟು ಬೇಡ, ಬಿಲ್ಲೂ ಇಲ್ಲ. ಆದರೆ ಏಪ್ರಿಲ್ ಬಂತೆಂದರೆ ಅದು ದಾರದಷ್ಟು ಸಪೂರವಾಗುತ್ತದೆ. ಆಮೇಲೆ ತೋಟದ ಕೆರೆಯಿಂದ ಗುಡ್ಡದ ಮೇಲಿನ ಟಾಂಕಿಗೆ ಪಂಪೇ ಗತಿ.

ಮೊನ್ನೆ ಕರೆಂಟು ಹೋಗಿ ಪಂಪ್ ಶೆಡ್ಡಿನ ಹೊಸ್ತಿಲಲ್ಲಿ ಕೂತಿದ್ದೆ. ಪ್ಲಸ್ ಟು ಓದುವ ಸೊಸೆ, ಅಂದರೆ ತಂಗಿಯ ಮಗಳು, ಪುಸ್ತಕ ಹಿಡಿದು ಬಂದಳು.

"ಮಾವ, ಜೀವಕೋಶಕ್ಕೂ ಸುರಂಗ, ಪಂಪು ಎರಡೂ ಉಂಟು."

ಆಮ್ಲಜನಕ ಜಾಸ್ತಿ ಇದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಕೋಶದ ಪೊರೆ ದಾಟಿ ತಾನಾಗಿ ಹೋಗುತ್ತದಂತೆ. ಉಪ್ಪಿಗೆ ಹಾಕಿದ ಮಾವಿನ ಮಿಡಿ ನೀರು ಬಿಟ್ಟು ಸುರುಟಿಕೊಳ್ಳುವುದಿಲ್ಲವೇ, ಅದೂ ಹಾಗೇ. ಯಾರೂ ತಳ್ಳುವುದಿಲ್ಲ. ಸೋಡಿಯಂ ಕಥೆ ಬೇರೆ. ಅದು ಕೋಶದ ಹೊರಗೇ ಜಾಸ್ತಿ, ಆದರೂ ಒಳಗಿದ್ದದ್ದನ್ನು ಮತ್ತೆ ಹೊರಗೇ ಹಾಕಬೇಕು. ಗುಡ್ಡಕ್ಕೆ ನೀರೆತ್ತಿದ ಹಾಗೆ. ಅದಕ್ಕೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಖರ್ಚಾಗಬೇಕು. ಒಂದು ಎಟಿಪಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ.

"ಮೂರು ಕೊಟ್ಟು ಎರಡು ತಗೊಳ್ಳುವುದು ಎಂಥ ವ್ಯಾಪಾರ ಮಾರಾಯ್ತಿ?"

"ಒಳಗೂ ಹೊರಗೂ ಆ ವ್ಯತ್ಯಾಸ ಇದ್ದರೇ ಮಾವ, ನರದಲ್ಲಿ ಸುದ್ದಿ ಓಡುವುದು."

ಈ ಪಂಪನ್ನು 1957ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಎಲ್ಲಿ? ಏಡಿಯ ಕಾಲಿನ ನರದಲ್ಲಿ! 1997ರಲ್ಲಿ ನೊಬೆಲ್ ಕೂಡಾ ಬಂತು. ನನಗೆ ನಗು ತಡೆಯಲಿಲ್ಲ. ನಮ್ಮ ಗದ್ದೆಯ ಕಟ್ಟಪುಣಿಗೆ ತೂತು ಹಾಕಿ ನೀರು ಸೋರಿಸುವ ಪ್ರಾಣಿ ಅದು. ಕೋಶದ ಪೊರೆಯೂ ಸೋರುತ್ತದಂತೆ. ಹೊರಹಾಕಿದ ಸೋಡಿಯಂ ಸಂದಿಯಲ್ಲಿ ನುಸುಳಿ ಒಳಗೆ ಬರುತ್ತಲೇ ಇರುತ್ತದೆ. ಪಂಪಿಗೆ ರಜೆಯೇ ಇಲ್ಲ.

ಹಾಗಂತ ವಾಪಸು ಬರುವ ಸೋಡಿಯಂ ದಂಡವಲ್ಲ. ಗುಡ್ಡದ ಟಾಂಕಿಯಿಂದ ಇಳಿಯುವ ನೀರು ಸ್ಪ್ರಿಂಕ್ಲರ್ ತಿರುಗಿಸುತ್ತದಲ್ವಾ? ಕರುಳಿನಲ್ಲಿ ಸೋಡಿಯಂ ಒಳಗಿಳಿಯುವಾಗ ಸಕ್ಕರೆಯ ಅಂಶವನ್ನೂ ಕೈಹಿಡಿದು ಎಳೆದುಕೊಳ್ಳುತ್ತದೆ, ಹಿಂದೆಯೇ ನೀರು ಹೋಗುತ್ತದೆ. ಹೊಟ್ಟೆ ಕೆಟ್ಟಾಗ ಅಮ್ಮ ಗಂಜಿತಿಳಿಗೆ ಉಪ್ಪು ಹಾಕಿ ಕುಡಿಸುತ್ತಿದ್ದದ್ದು ನೆನಪಾಯಿತು. ಅಮ್ಮನಿಗೆ ಸೋಡಿಯಂ ಗೊತ್ತಿರಲಿಲ್ಲ, ಗಂಜಿ ಗೊತ್ತಿತ್ತು.

ಸುಮ್ನೆ ಕೂತವನ ಮೈಯಲ್ಲೂ ಖರ್ಚಾಗುವ ಶಕ್ತಿಯ ಸುಮಾರು ಐದನೇ ಒಂದು ಪಾಲು ಈ ಪಂಪಿಗೇ ಹೋಗುತ್ತದಂತೆ. ಈ ಮಾತು ನನಗೆ ಬಹಳ ಹಿಡಿಸಿತು.

"ಎಂತ, ಆಗಿಂದ ಸುಮ್ನೆ ಕೂತಿದ್ದೀರಿ?" ಮೇಲಿನಿಂದ ಹೆಂಡತಿ ಕೂಗಿದಳು.

"ಸುಮ್ನೆ ಅಲ್ಲ, ಸೋಡಿಯಂ ಹೊರಗೆ ಹಾಕ್ತಾ ಇದ್ದೇನೆ!"

ಅಷ್ಟರಲ್ಲಿ ಶೆಡ್ಡಿನ ಬಲ್ಬು ಕೆಂಪಗೆ ಹೊತ್ತಿತು. ವೋಲ್ಟೇಜು ಸಾಲದು, ಈಗ ಪಂಪು ಹಾಕಿದರೆ ಮೋಟಾರು ಸುಟ್ಟೀತು. ಇನ್ನೂ ಸ್ವಲ್ಪ ಹೊತ್ತು ಕೂತೆ.