ನೆಗಡಿಗೂ ಪೂರ್ಣ ಹಾಜರಾತಿ

ಬೆಂಗಳೂರಿನಲ್ಲಿ ಧನುರ್ಮಾಸದ ಚಳಿ ಶುರುವಾದರೆ, ಮಗಳು ಶಾಲೆಯಿಂದ ತಂದ ನೆಗಡಿ ತಮ್ಮನಿಗೆ, ಅವನಿಂದ ನಮಗೆ, ಕೊನೆಗೆ ಅತ್ತೆಯವರಿಗೆ ದಾಟುವುದು ನಮ್ಮ ಮನೆಯಲ್ಲಿ ವಾಡಿಕೆಯಾಗಿಬಿಟ್ಟಿದೆ. ಎಳೆಯ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಬಾರಿ ನೆಗಡಿಯಾಗುವುದು ಸಹಜವೆಂದು ವೈದ್ಯರು ಹೇಳುತ್ತಾರೆ, ಒಪ್ಪೋಣ. ಆದರೆ ಪೂರ್ಣ ಹಾಜರಾತಿಗೆ ಬಹುಮಾನವಿಡುವ ಶಾಲೆಗೂ, ಆ ಬಹುಮಾನದ ಆಸೆಗೆ ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ, ಜ್ವರ ಇಳಿದಿರುವ ನಾಲ್ಕಾರು ಗಂಟೆಗಳ ಮಟ್ಟಿಗೆ ಮಗುವನ್ನು ತರಗತಿಯಲ್ಲಿ ಕೂರಿಸಿ ಹೋಗುವ ಪೋಷಕರಿಗೂ ಏನೆನ್ನಬೇಕು? (ರಜೆಯೇ ಸಿಗದವರ ಪಾಡು ಬೇರೆ, ಅವರನ್ನು ನಾನು ದೂರುವುದಿಲ್ಲ.) ಇನ್ನು ಔಷಧದಂಗಡಿಯಲ್ಲಿ, ನೆಗಡಿ ತರುವ ವೈರಸ್ಸಿನ ಮೇಲೆ ಕೆಲಸವೇ ಮಾಡದ ಆ್ಯಂಟಿಬಯಾಟಿಕ್ ಚೀಟಿಯಿಲ್ಲದೆ ಸಿಗುತ್ತದೆ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎಂಬ ಔಷಧಗಳು ಬೆರೆತ ನೆಗಡಿಯ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು 2023ರಲ್ಲೇ ಔಷಧ ನಿಯಂತ್ರಕರು ಸೂಚಿಸಿದ್ದರೂ, ಮಗುವಿನ ವಯಸ್ಸೆಷ್ಟೆಂದು ಅಲ್ಲಿ ಯಾರೂ ಕೇಳುವುದಿಲ್ಲ.