ತಗ್ಗಿದ ದನಿಯ ತೂಕ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಇಂಗ್ಲಿಷ್ ಮಾತಿನ ಅರ್ಥ ಹಿಡಿಯುವುದು ಕಷ್ಟವೇನಲ್ಲ; ಆ ಮಾತಿಗಿರುವ ಭಾವದ ತೂಕವನ್ನು ಅರಿಯಲು ಮಾತ್ರ ವರ್ಷಗಳೇ ಬೇಕಾಗುತ್ತವೆ. ಊರಿನ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ದೊಡ್ಡ ಶಬ್ದಕ್ಕೆ ದೊಡ್ಡ ಗೌರವವಿತ್ತು. ಇದರ ಬೇರು ಕನ್ನಡದೊಳಗೇ ಇದೆ ಎಂದು ನನಗನ್ನಿಸುತ್ತದೆ. ‘ಸತ್ತರು’ ಎನ್ನುವುದಕ್ಕಿಂತ ‘ತೀರಿಕೊಂಡರು’, ಅದಕ್ಕಿಂತಲೂ ‘ನಿಧನರಾದರು’ ನಮ್ಮಲ್ಲಿ ಮರ್ಯಾದೆಯ ಮಾತು. ಸಂಸ್ಕೃತದಿಂದ ಬಂದ ಪದ ದುಃಖಕ್ಕೂ ಘನತೆ ಕೊಡುತ್ತದೆ. ಅದೇ ರೂಢಿಯಲ್ಲಿ ನಾವು, ಸಹೋದ್ಯೋಗಿಯೊಬ್ಬರ ತಾಯಿ ತೀರಿಕೊಂಡಾಗ, ‘ಸ್ಯಾಡ್ ಡಿಮೈಸ್’, ‘ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್’ ಎಂದು ಬರೆಯುತ್ತೇವೆ. ಓದುವ ಇಂಗ್ಲಿಷರಿಗೆ ಅದು ಕಚೇರಿಯ ಪತ್ರದಂತೆ ಕೇಳಿಸುತ್ತದೆ. ‘ಐ ಆಮ್ ಸೋ ಸಾರಿ’ ಎಂಬ ನಾಲ್ಕು ಪುಟ್ಟ ಪದಗಳೇ ಅವರಿಗೆ ಹತ್ತಿರದವು.

ಪುಟ್ಟ ಪದಗಳು ಅವರಿಗೆ ಹತ್ತಿರವಾಗಿರುವುದಕ್ಕೆ ಕಾರಣ ಇತಿಹಾಸದಲ್ಲಿದೆ. 1066ರಲ್ಲಿ ಫ್ರೆಂಚ್ ನುಡಿಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅರಮನೆಯ ಮತ್ತು ನ್ಯಾಯಾಲಯದ ನುಡಿಯಾಯಿತು. ಲ್ಯಾಟಿನ್ ಚರ್ಚಿನ ಮತ್ತು ವಿದ್ಯೆಯ ನುಡಿಯಾಗಿ ಮೊದಲೇ ಇತ್ತು. ಮನೆಯಲ್ಲಿ, ಹೊಲದಲ್ಲಿ ಜನ ಆಡುತ್ತಿದ್ದದ್ದು ಹಳೆಯ ಇಂಗ್ಲಿಷನ್ನೇ. ಹಾಗಾಗಿ ಪ್ರೀತಿ, ಭಯ, ಹಸಿವು, ಸಾವುಗಳಿಗೆ ಅವರು ಇಂದಿಗೂ ಬಳಸುವ ಆಪ್ತ ಪದಗಳು ಆ ಹಳೆಯ ಪದರದವು. 1940ರ ಜೂನ್ 4ರಂದು ಚರ್ಚಿಲ್ ಸಂಸತ್ತಿನಲ್ಲಿ, ಕಡಲತೀರಗಳಲ್ಲೂ ಹೊಲಗಳಲ್ಲೂ ಬೀದಿಗಳಲ್ಲೂ ಹೋರಾಡುತ್ತೇವೆ ಎಂದ ಪ್ರಸಿದ್ಧ ಮಾತಿನ ಬಲವೆಲ್ಲ ಇಂಥ ಸಣ್ಣ ಪದಗಳದ್ದು ಮತ್ತು ಅವುಗಳ ಮರುಕಳಿಕೆಯದ್ದು. ಅದರ ಕೊನೆಯ ‘ಸರೆಂಡರ್’ ಎಂಬ ಪದ ಮಾತ್ರ ಫ್ರೆಂಚ್ ಮೂಲದ್ದು.

ಇದಕ್ಕಿಂತಲೂ ಕಠಿಣವಾದದ್ದು, ಬ್ರಿಟಿಷರು ಭಾವವನ್ನು ತಗ್ಗಿಸಿ ಹೇಳುವ ಬಗೆ. 1982ರ ಜೂನ್ 24ರಂದು ಜಾವಾದ ಬಳಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಾಗ, ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ, ಒಂದು ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್‌ಗಳು ನಿಂತುಹೋಗಿವೆ ಎಂದು ತಿಳಿಸಿದರು. ಆ ‘ಸಣ್ಣ’ ಎಂಬ ಮಾತಿನಲ್ಲಿ ಜನರ ಧೈರ್ಯ ಕುಸಿಯದಂತೆ ನೋಡಿಕೊಳ್ಳುವ ಕಾಳಜಿ ತುಂಬಿದೆ. ವಿಮಾನ ಜಕಾರ್ತದಲ್ಲಿ ಸುರಕ್ಷಿತವಾಗಿಯೇ ಇಳಿಯಿತು. ಆದರೆ 1951ರ ಏಪ್ರಿಲ್‌ನಲ್ಲಿ, ಕೊರಿಯಾದ ಇಮ್ಜಿನ್ ನದಿಯ ದಂಡೆಯಲ್ಲಿ, ತನ್ನ ಪಡೆ ಶತ್ರುಗಳ ನಡುವೆ ಸಿಕ್ಕಿಬಿದ್ದಾಗ ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಅಧಿಕಾರಿಗೆ ಪರಿಸ್ಥಿತಿ ‘ಸ್ವಲ್ಪ ಸ್ಟಿಕ್ಕಿ’, ಅಂದರೆ ಸ್ವಲ್ಪ ಇಕ್ಕಟ್ಟಿನದು, ಎಂದರೆಂದೂ, ಆ ಅಮೆರಿಕನ್ ಅಧಿಕಾರಿ ಅದನ್ನು ಸಾಧಾರಣ ತೊಡಕೆಂದೇ ತಿಳಿದರೆಂದೂ ಯುದ್ಧದ ವೃತ್ತಾಂತಗಳು ಹೇಳುತ್ತವೆ. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಬೆಟಾಲಿಯನ್ನಿನ ಬಹುಪಾಲು ಸೈನಿಕರು ಅಲ್ಲಿ ಮಡಿದರು ಅಥವಾ ಸೆರೆಯಾದರು. ಇಂಗ್ಲಿಷನ್ನೇ ಹುಟ್ಟುನುಡಿಯಾಗಿ ಉಳ್ಳ ಇಬ್ಬರ ನಡುವೆಯೇ ಹೀಗಾಗುವುದಾದರೆ, ನಮ್ಮ ವರದಿಯನ್ನು ಮೇಲಧಿಕಾರಿ ‘ಕ್ವೈಟ್ ಗುಡ್’ ಎಂದಾಗ ನಾವು ಹಿಗ್ಗುವುದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ಅದು ಹೊಗಳಿಕೆ, ಇಲ್ಲಿ ಅನೇಕ ವೇಳೆ ‘ಪರವಾಗಿಲ್ಲ’ ಎಂಬಷ್ಟೇ. ಇಂಗ್ಲಿಷರು ಭಾವವಿಲ್ಲದವರು ಎಂದು ನಮ್ಮವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅವರ ಭಾವ ಹೆಚ್ಚಾಗಿ ಪದದಲ್ಲಿಲ್ಲ, ದನಿಯಲ್ಲಿದೆ.

ಈ ದನಿಯ ವಿಷಯದಲ್ಲಿಯೇ ಕನ್ನಡದ ದಾರಿ ಬೇರೆ, ಮತ್ತು ನನ್ನ ಮಟ್ಟಿಗೆ ಹೆಚ್ಚು ಸೊಗಸಾದದ್ದು. ‘ಅವಳೇ ಹೇಳಿದಳು’, ‘ಅವಳೂ ಹೇಳಿದಳು’, ‘ಅವಳು ಹೇಳಿದಳಂತೆ’, ‘ಅವಳು ಹೇಳಿಯೇ ಬಿಟ್ಟಳು’ ಎಂಬಲ್ಲಿ ಒತ್ತು, ಅನುಮಾನ, ಬೆರಗು ಎಲ್ಲವೂ ಮಾತಿನ ಮೈಯಲ್ಲೇ ಸೇರಿವೆ. ಕಾಗದದ ಮೇಲೆ ಬರೆದರೂ ಉಳಿಯುತ್ತವೆ. ಇಂಗ್ಲಿಷಿನಲ್ಲಿ ಮೊದಲಿನ ಒತ್ತನ್ನು ‘ಶೀ’ ಎಂಬುದರ ಮೇಲೆ ದನಿಯೇರಿಸಿಯೇ ತೋರಿಸುವುದು ರೂಢಿ. ಇಮೇಲಿನಲ್ಲಿ ಆ ದನಿ ಕೇಳಿಸದು, ಅಕ್ಷರವನ್ನು ಓರೆಯಾಗಿ ಬರೆಯಬೇಕಾಗುತ್ತದೆ.

ಇಲ್ಲಿ ಬೆಳೆಯುವ ನಮ್ಮ ಮಕ್ಕಳ ಕನ್ನಡದಲ್ಲಿ ಮೊದಲು ಸವೆಯುತ್ತಿರುವುದು ಈ ಪುಟ್ಟ ಪ್ರತ್ಯಯಗಳು. ‘ನಾನೇ ಮಾಡಿದೆ’ ಎನ್ನುವ ಬದಲು ‘ನಾನು ಮಾಡಿದೆ’ ಎಂದು, ‘ನಾನು’ ಎಂಬುದರ ಮೇಲೆ ಇಂಗ್ಲಿಷಿನ ರೀತಿಯಲ್ಲಿ ದನಿಯೇರಿಸುತ್ತಾರೆ. ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಹಣ್ಣು, ಪ್ರಾಣಿ, ಬಣ್ಣಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ‘ಏ’, ‘ಊ’, ‘ಅಂತೆ’ಗಳನ್ನು ಕಥೆಯಲ್ಲಿ, ಜಗಳದಲ್ಲಿ, ಆಟದಲ್ಲಿ ಆಡಿಸುವುದಕ್ಕೆ ಕೊಡಬೇಕೆಂದು ಕನ್ನಡ ಕೂಟಗಳವರಲ್ಲಿ ನನ್ನ ಕೋರಿಕೆ.